ಗೋಡೆಯ ಹೊರಗಿನ ತಮ್ಮ

ದೇವರಿಲ್ಲ ಎಂದುಕೊಂಡವರಿಗೆ ಒಂದು ನೆಮ್ಮದಿಯಾದರೂ ಇರಬೇಕು: ಸಿಟ್ಟು ಮಾಡಿಕೊಳ್ಳಲು ಒಬ್ಬ ಕಡಿಮೆ. ನನಗೆ ಅದೂ ಇಲ್ಲ. ಪ್ರತಿ ಭಾನುವಾರ ಸೆರಗನ್ನು ತಲೆಗೆಳೆದು ಇಗರ್ಜಿಯ ಬೆಂಚಿನಲ್ಲಿ ಕೂರುತ್ತೇನೆ, ಎಲ್ಲರೂ ಮೊಣಕಾಲೂರಿದಾಗ ಊರುತ್ತೇನೆ, ಪೂಜೆ ಮುಗಿಯುವವರೆಗೂ ಆ ಇಲ್ಲದವನ ಮೇಲೆ ಕುದಿಯುತ್ತಿರುತ್ತೇನೆ. ನೋಡಿದವರು ಭಕ್ತಿ ಅಂದುಕೊಳ್ಳುತ್ತಾರೆ. ಹಲ್ಲು ಕಚ್ಚಿ ಕೂತವಳೂ ಧ್ಯಾನಕ್ಕೆ ಕೂತವಳೂ ದೂರದಿಂದ ಒಂದೇ ಥರ ಕಾಣುತ್ತಾರೆ.

ನಮ್ಮದು ನೆಲ್ಯಾಡಿಯಿಂದ ಒಳಗೆ, ರಬ್ಬರ್ ತೋಟಗಳ ನಡುವಿನ ಸಣ್ಣ ಇಗರ್ಜಿ. ನಾವೆಲ್ಲ ಕೇರಳದಿಂದ ಬಂದು ಕಾಡು ಕಡಿದು ನೆಲೆಯಾದವರು. ಗಂಡಸರಲ್ಲಿ ಅರ್ಧ ಜನ ಪಾದ್ರಿಯ ಪ್ರಸಂಗ ಶುರುವಾದ ಕೂಡಲೇ ಅಂಗಳಕ್ಕಿಳಿದು, ಬೀಡಿ ಹಚ್ಚಿ, ರಬ್ಬರ್ ಶೀಟು ಒಣಗದ ಕಥೆ ಮಾತಾಡಿ, ಗಂಟೆ ಕೇಳಿದಾಗ ಒಳಗೆ ಬರುತ್ತಾರೆ. ಅವರು ವಿಶ್ವಾಸಿಗಳು, ಅದರಲ್ಲಿ ಯಾರಿಗೂ ಸಂಶಯವಿಲ್ಲ. ಸ್ವರ್ಗದಲ್ಲೂ ಅವರಿಗೆಂದು ಒಂದು ಅಂಗಳ ಬಿಟ್ಟಿರಬಹುದು.

ನನ್ನ ತಮ್ಮನಿಗೆ ಮಾತ್ರ ಅಂಗಳವೂ ಸಿಗಲಿಲ್ಲ. ಎಪ್ಪತ್ತರ ದಶಕದಲ್ಲಿ, ನಾನು ಶಾಲೆಗೆ ಹೋಗುತ್ತಿದ್ದಾಗ, ಅವನು ಮಧ್ಯಾಹ್ನ ಮನೆಯಲ್ಲೇ ಹುಟ್ಟಿ ಸಂಜೆಗೆ ಹೋದ. ಉಸಿರು ಸರಿಯಿಲ್ಲವೆಂದು ತಿಳಿದೊಡನೆ ಅಪ್ಪ ಪಾದ್ರಿಯನ್ನು ಕರೆತರಲು ಜೀಪು ಹಿಡಿದು ಓಡಿದ್ದರು. ಪಾದ್ರಿ ಕಡಬದ ಕಡೆ ಹೋಗಿದ್ದವರು ಮರುದಿನ ಬಂದರು. ಜ್ಞಾನಸ್ನಾನವಾಗದ, ಅಂದರೆ ಇನ್ನೂ ಕ್ರೈಸ್ತನೇ ಆಗದ ಶಿಶುವಿಗೆ ಸಿಮೆಟ್ರಿಯಲ್ಲಿ ಜಾಗವಿಲ್ಲ ಎಂದರು. ಅವನನ್ನು ಗೋಡೆಯ ಹೊರಗೆ ಗೇರುಮರದ ಬುಡದಲ್ಲಿ ಹೂತರು. ಒಂದು ಶಿಲುಬೆಯನ್ನೂ ನೆಡಲಿಲ್ಲ.

ಮುಂದೆ ಹೈಸ್ಕೂಲಿನಲ್ಲಿದ್ದಾಗ, ಭಾನುವಾರದ ವೇದಪಾಠದಲ್ಲಿ ಸಿಸ್ಟರ್ ಒಬ್ಬರು ಹೇಳಿದ್ದು ಕೇಳಿ ನನ್ನ ನಂಬಿಕೆ ಅಲ್ಲೇ ಮುರಿದು ಬಿತ್ತು. ಪ್ರಾಣಾಪಾಯವಿದ್ದರೆ ಪಾದ್ರಿಯೇ ಬೇಕೆಂದಿಲ್ಲವಂತೆ. ಯಾರು ಬೇಕಾದರೂ ಮಗುವಿನ ತಲೆಗೆ ನೀರು ಹೊಯ್ದು ನಾಲ್ಕು ಮಾತು ಹೇಳಿದರೆ ಜ್ಞಾನಸ್ನಾನ ಆದಂತೆಯೇ. ನೀರು! ಬಾಣಂತಿಯ ಮನೆಯಲ್ಲಿ ಅವತ್ತು ಹಂಡೆ ತುಂಬ ನೀರಿತ್ತು. ಇದನ್ನು ಮೊದಲೇ ಊರಿಗೆ ಹೇಳಿಕೊಡಲು ಯಾವ ಪಾದ್ರಿಯ ಗಂಟಲು ಕಟ್ಟಿತ್ತು? ಅಮ್ಮನಿಗೆ ಈ ವಿಷಯ ತಿಳಿದರೆ ಅವಳು ಉಳಿಯಲಾರಳು ಎಂದು ನಾನು ಬಾಯಿ ಬಿಡಲಿಲ್ಲ. ಅವಳ ಜೊತೆ ಪೂಜೆಗೆ ಹೋಗುವುದನ್ನು ಮಾತ್ರ ಬಿಡಲಿಲ್ಲ. ಎಲ್ಲಿಯಾದರೂ ಪ್ರಸಂಗದಲ್ಲಿ ಆ ಮಾತು ಬಂದರೆ ಕೆಮ್ಮಿಯಾದರೂ ಮುಚ್ಚಿಹಾಕುವ ಎಂದು.

ಎಂಬತ್ತರ ದಶಕದಲ್ಲಿ ಸಿಮೆಟ್ರಿ ತುಂಬಿತು. ಹೊಸ ಪಾದ್ರಿ ಗೋಡೆ ಒಡೆಸಿ ಆಚೆಗೆ ಕಟ್ಟಿಸಿದರು. ಗೇರುಮರ ಒಳಗೆ ಬಂತು. ಅವರು ತೀರ್ಥ ಚಿಮುಕಿಸುತ್ತ ಸುತ್ತು ಬಂದು, ಇನ್ನು ಇದೆಲ್ಲ ಪವಿತ್ರ ಮಣ್ಣು ಎಂದರು. ಮಣ್ಣು ಅದೇ, ಮಗು ಅದೇ, ಸರಿದದ್ದು ಕಲ್ಲಿನ ಗೋಡೆ. ನನಗೆ ಮೈಯೆಲ್ಲ ಉರಿಯಿತು. ಮನೆಗೆ ಬಂದವಳೇ ಇಷ್ಟು ವರ್ಷ ಅದುಮಿಟ್ಟದ್ದನ್ನೆಲ್ಲ ಅಮ್ಮನ ಎದುರು ಕಕ್ಕಿಬಿಟ್ಟೆ, ಹಂಡೆಯ ನೀರಿನ ಸಮೇತ.

ಅಮ್ಮ ಪ್ರಾರ್ಥನೆ ಮಾಡುತ್ತಿದ್ದದ್ದು ಮಲಯಾಳದಲ್ಲಿ, ಜಗಳ ಊರಿನ ಕನ್ನಡದಲ್ಲಿ. ಅವತ್ತು ಅವಳು ಕನ್ನಡದಲ್ಲೇ ಮಾತಾಡಿದಳು.

"ನನಗೆ ಗೊತ್ತಿಲ್ಲ ಅಂತ ನಿನಗೆ ಯಾರು ಹೇಳಿದ್ದು? ನಾನೇ ನೀರು ಹೊಯ್ದಿದ್ದೆ. ನನ್ನ ಅಮ್ಮ ಹೇಳಿಕೊಟ್ಟದ್ದು. ಪಾದ್ರಿಗೂ ಹೇಳಿದೆ. ಸಾಕ್ಷಿ ಉಂಟಾ ಅಂತ ಕೇಳಿದರು. ಕೋಣೆಯಲ್ಲಿ ನಾನು ಒಬ್ಬಳೇ ಇದ್ದದ್ದು."

ಹೆತ್ತವಳ ಮಾತು ಸಾಲದೆ ಸಾಕ್ಷಿ ಕೇಳಿದ ಆ ಜಾಗಕ್ಕೆ ಇಷ್ಟು ವರ್ಷ ಯಾಕೆ ಹೋದದ್ದು ಎಂದು ಕೂಗಿದೆ.

"ನೋಡಿದವ ಒಬ್ಬ ಇದ್ದ ಅಲ್ವಾ," ಎಂದಳು ಅಮ್ಮ. "ಅವ ಇರುದು ಇಗರ್ಜಿಯ ಒಳಗೆ. ವಾರಕ್ಕೊಮ್ಮೆ ಹೋಗಿ ಎದುರು ಕೂತುಕೊಳ್ಳುದು. ಮರೆತೆ ಅಂತ ಹೇಳಬಾರದಲ್ಲ ಅವ."

ಅಮ್ಮ ಈಗ ಅದೇ ಗೇರುಮರದ ಹತ್ತಿರ ಇದ್ದಾಳೆ. ನನಗೆ ಈಗಲೂ ನಂಬಿಕೆಯಿಲ್ಲ, ಸಿಟ್ಟೂ ಇಳಿದಿಲ್ಲ. ಆದರೆ ಭಾನುವಾರ ಬಂದರೆ ಸೆರಗೆಳೆದುಕೊಂಡು ಅವಳ ಬೆಂಚಿನಲ್ಲೇ ಕೂರುತ್ತೇನೆ. ಆ ಸಾಕ್ಷಿ ಇನ್ನೂ ಬಾಯಿ ಬಿಟ್ಟಿಲ್ಲ. ಎದುರು ಕೂರಲು ನಮ್ಮ ಮನೆಯಿಂದ ಒಬ್ಬರಾದರೂ ಬೇಕು.