ಅಸುಂಡಿ ದಾರಿಯ ಬಾವಿಗೆ ಬಿಟ್ಟ ಮೀನು

ನನ್ನ ತವರುಮನೆ ಬೆಟಗೇರಿಯಲ್ಲಿಯೇ, ಗಂಡನ ಮನೆಯಿಂದ ಎರಡು ಓಣಿ ಆಚೆ. ಅವ್ವ ತೀರಿಕೊಂಡ ಮೇಲೆ ಮುಂಜಾನೆ ನಮ್ಮ ಮನೆಯ ರೊಟ್ಟಿ ಮುಗಿಸಿ, ಅಪ್ಪ ಮತ್ತು ತಮ್ಮನಿಗೆ ಆರು ರೊಟ್ಟಿ ಅರಿವೆಯಲ್ಲಿ ಕಟ್ಟಿಕೊಂಡು ಹೋಗುವುದು ರೂಢಿಯಾಯಿತು. ಅಪ್ಪನ ಮಗ್ಗ ನಿಂತು ಬಹಳ ವರ್ಷವಾಗಿತ್ತು. ತಮ್ಮ ಗದಗಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಾನೆ. ಲಗ್ನದ ಮಾತು ತೆಗೆದಾಗಲೆಲ್ಲ "ಪಿಎಚ್.ಡಿ. ಮುಗೀಲಿ ಅಕ್ಕಾ" ಎನ್ನುತ್ತ ನಲವತ್ತು ದಾಟಿದವನು.

ಅವನ ಪಿಎಚ್.ಡಿ. ಒಂದು ಮೀನಿನ ಮೇಲೆ. ಬೆರಳುದ್ದ, ಬೆಳ್ಳಿ ಬಣ್ಣ, ಬಾಲದ ಬುಡಕ್ಕೆ ಕಾಡಿಗೆ ಹಚ್ಚಿದಂಥ ಒಂದು ಚುಕ್ಕೆ. ಮುಂಡರಗಿ ಕಡೆಯ ಹೊಳೆಯಲ್ಲಿ, ಶಿರಹಟ್ಟಿಯ ಕೆರೆಯಲ್ಲಿ, ಲಕ್ಷ್ಮೇಶ್ವರದ ಕೆರೆಯಲ್ಲಿ, ಎಲ್ಲ ಕಡೆಯೂ ಅದೇ ಮೀನು. ಅವನು ಜೀವಂತ ಹಿಡಿದು ತಂದು, ಬಾಲದ ತುದಿಯನ್ನು ಅಕ್ಕಿನುಚ್ಚಿನಷ್ಟು ಕತ್ತರಿಸಿ ಸ್ಪಿರಿಟ್ ತುಂಬಿದ ಸಣ್ಣ ಶೀಶೆಗೆ ಹಾಕುತ್ತಿದ್ದ. ಶೀಶೆಗೆ ಊರಿನ ಹೆಸರಿನ ಚೀಟಿ ಅಂಟಿಸುತ್ತಿದ್ದ. ಆಮೇಲೆ ಮೀನನ್ನು ಅದು ಹುಟ್ಟಿದ ನೀರಿಗೇ ಒಯ್ದು ಬಿಡುತ್ತಿದ್ದ. ನಮ್ಮದು ಮಾಂಸ ಮೀನು ತಿನ್ನದ ಮನೆ. "ಏನರ ಮಾಡ್ಕೋ, ಆದರ ನನ್ನ ಮನಿಯಾಗ ಒಂದ ಜೀವಾನೂ ಹೋಗಬಾರದು ನೋಡು" ಎಂದು ಅಪ್ಪ ಮೊದಲೇ ಹೇಳಿದ್ದ.

ಊಟಕ್ಕೆ ಕೂತಾಗ ಅದೇ ಮಾತು.

"ನೋಡಾಕ ಎಲ್ಲಾ ಒಂದ ಅಪ್ಪಾ. ಆದರ ಒಂದೊಂದ ಕೆರಿ ಮೀನಿನ ರಕ್ತ ಬ್ಯಾರೆ. ನೂರಾರು ವರ್ಷ ತಮ್ಮ ತಮ್ಮೊಳಗ ಬೆಳದಾವ."

"ಅದರಾಗೇನೈತಿ? ನಮ್ಮ ಓಣಿ ಸೀರೀನೂ ಹಂಗ. ಕಂಡೋರಿಗೆ ಎಲ್ಲಾ ಒಂದ. ನನ್ನ ಕೈಯಾಗ ಕೊಡು, ಯಾರ ಮಗ್ಗದ್ದು ಅಂತ ಕಣ್ಣ ಮುಚ್ಚಿ ಹೇಳತೀನಿ."

"ಹಂಗಾರ ನನ್ನ ಪಿಎಚ್.ಡಿ. ನೀನ ಬರದಬಿಡು."

ಅಸುಂಡಿಗೆ ಹೋಗುವ ದಾರಿಯಲ್ಲಿ ಹೊಲಗಳ ನಡುವೆ ಒಂದು ಹಳೆಯ ಮೆಟ್ಟಿಲ ಬಾವಿ ಇದೆ. ಯಾವ ಹಳ್ಳವೂ ಅದನ್ನು ಸೇರುವುದಿಲ್ಲ, ಅದರಿಂದ ನೀರು ಹೊರಗೆ ಹರಿಯುವುದೂ ಇಲ್ಲ. ಅಲ್ಲಿಯೂ ಆ ಚುಕ್ಕೆಯ ಮೀನು ಕಂಡ ದಿನ ತಮ್ಮನು ಚಪ್ಪಲಿಯನ್ನೂ ಬಿಡದೆ ಮನೆಯೊಳಗೆ ಬಂದಿದ್ದ. "ಎಷ್ಟೋ ತಲಿಮಾರಿಂದ ಹೊರಗಿನ ಒಂದ ಮೀನ ಒಳಗ ಬಂದಿಲ್ಲಪ್ಪಾ. ಅಂಥಾ ಬಾವಿ ಈ ಜಿಲ್ಲಾದಾಗ ಇನ್ನೊಂದಿಲ್ಲ." ಆ ಮಾತನ್ನು ಅವನು ಎಷ್ಟು ಸಲ ಹೇಳಿದನೆಂದರೆ, ಕೊನೆಗೆ ಅಪ್ಪನ ಮನಸ್ಸಿನಲ್ಲಿ ಉಳಿದದ್ದು ಎರಡನೆಯ ಅರ್ಧ ಮಾತ್ರ. ಅಂಥ ಬಾವಿ ಇನ್ನೊಂದಿಲ್ಲ.

ಬಾವಿಯ ಕೆಲಸವನ್ನು ತಮ್ಮ ಕೊನೆಗೆ ಇಟ್ಟುಕೊಂಡಿದ್ದ, ತಾಟಿನಲ್ಲಿ ಹೋಳಿಗೆಯನ್ನು ಕೊನೆಗೆ ತಿನ್ನುವವರ ಹಾಗೆ. ಗೋಡೆಯ ಗೂಡಿನಲ್ಲಿ 'ಬಾವಿ' ಎಂಬ ಚೀಟಿಯ ಇಪ್ಪತ್ತು ಶೀಶೆ ಸಾಲಾಗಿ ಕೂತಿದ್ದವು. ಎರಡರಲ್ಲಿ ಮಾತ್ರ ಮೊದಲ ದಿನ ಹಿಡಿದ ಮೀನಿನ ಬಾಲದ ನುಚ್ಚಿತ್ತು, ಉಳಿದವು ಖಾಲಿ.

ಆ ಬೇಸಿಗೆಯ ಕೊನೆಗೆ ಧಾರವಾಡದ ಲ್ಯಾಬಿನಿಂದ ಅವನಿಗೆ ಒಮ್ಮೆಲೇ ಕರೆ ಬಂತು. ಮೂರು ಊರಿನ ಮೀನು ಮೂರು ಬಕೆಟಿನಲ್ಲಿ ಮಗ್ಗದ ಕೋಣೆಯಲ್ಲಿದ್ದವು. "ಎಂಟ ದಿನದಾಗ ಬಂದು ವಾಪಸ್ ಬಿಟ್ಟಬರತೀನಿ" ಎಂದು ಹೋದ. ಎಂಟು ದಿನ ಹದಿನೈದಾಯಿತು. ಕರೆಂಟು ಹೋದಾಗ ಬಕೆಟಿಗೆ ಗಾಳಿ ಊದುವ ಸಣ್ಣ ಮೋಟರು ನಿಲ್ಲುತ್ತಿತ್ತು, ಮರುದಿನ ಒಂದೆರಡು ಮೀನು ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಅಪ್ಪ ಅವನ್ನು ಹಿತ್ತಲ ಕರಿಬೇವಿನ ಬುಡದಲ್ಲಿ ಹೂಳಿ ಕೈ ತೊಳೆಯುತ್ತಿದ್ದ. ಹೀಗೆ ಹೂಳಿ ಬಂದ ನಾಲ್ಕನೆಯ ದಿನ ರೊಟ್ಟಿ ಮುಟ್ಟಲಿಲ್ಲ.

"ಯವ್ವಾ, ಬಾವಿಗಿ ಬಿಟ್ಟಬರೂಣೇನ? ತಂಪ ನೀರು. ಯಾರೂ ಮೀನ ಹಿಡಿಯಾಕ ಬಲಿ ಹಾಕೂದಿಲ್ಲ" ಎಂದು ನನ್ನನ್ನು ಕೇಳಿದ.

"ಅವಂಗೊಂದ ಮಾತ ಕೇಳೂಣೇನಪ್ಪಾ?"

"ಕೆಲಸದಾಗ ಇರತಾನ. ಅವಂಗ್ಯಾಕ ಚಿಂತಿ ಹಚ್ಚೂದು?"

ನನಗೂ ಸರಿ ಎನ್ನಿಸಿತು. ಮೂರು ಬಕೆಟ್ ಟಂಟಂ ಆಟೋದಲ್ಲಿ ತುಳುಕುತ್ತವೆಂದು, ಎಲ್ಲವನ್ನೂ ಎರಡು ಕೊಡಕ್ಕೆ ಸುರಿದವಳು ನಾನು. ಇಪ್ಪತ್ತಾರು ಮೀನು, ಎಣಿಸಿದ್ದೆ.

"ಏನ್ರಿ ಅಜ್ಜಾರ, ಈ ವಯಸ್ಸಿನ್ಯಾಗ ಮೀನ ಯಾಪಾರ ಸುರು ಮಾಡೀರೇನ?" ಎಂದು ಟಂಟಂನವನು ನಕ್ಕ.

"ಯಾಪಾರ ಅಲ್ಲೋ. ತವರಮನಿಗಿ ಕಳಸಾಕ ಹೊಂಟೀನಿ."

ಮೊಣಕಾಲು ನೋವಿನ ಅಪ್ಪ ಇಪ್ಪತ್ತೆರಡು ಮೆಟ್ಟಿಲು ಇಳಿದ. ಕೊಡದ ಬಾಯಿಗೆ ಅಂಗೈ ಒಡ್ಡಿ, ನೀರು ಜೋರಾಗಿ ಬೀಳದ ಹಾಗೆ ಸುರಿದ. "ಹೋಗ್ರಿ, ಆರಾಮ ಇರ್ರಿ." ಸಂಜೆ ಫೋನಿನಲ್ಲಿ ತಮ್ಮನಿಗೆ ಹೇಳಿದ, "ಮೀನ ನೀರಿಗಿ ಬಿಟ್ಟಬಂದೇವಿ, ಬಕೀಟಿನ್ಯಾಗ ಸಾಯಾಕ ಹತ್ತಿದ್ದವು." ತಮ್ಮ "ಛಲೋ ಆತು" ಎಂದ. ಎಲ್ಲಿ ಎಂದು ಅವನು ಕೇಳಲಿಲ್ಲ, ನಾವು ಹೇಳಲಿಲ್ಲ.

ಲ್ಯಾಬಿನ ಕೆಲಸ ಬೆಳೆದು, ಕಾಲೇಜಿಗೆ ರಜೆ ಹಾಕಿದ್ದ ಅವನು ಮರಳಿದ್ದು ಮಳೆಗಾಲ ಮುಗಿಯುವ ಹೊತ್ತಿಗೆ. ಆ ಮೂರು ತಿಂಗಳು ಅಪ್ಪ ಐತವಾರಕ್ಕೊಮ್ಮೆ ನನ್ನನ್ನು ಕರೆದುಕೊಂಡು ಬಾವಿಗೆ ಹೋಗಿ, ಚುರುಮುರಿ ಚೆಲ್ಲಿ, ಮೀನು ಮೇಲೆ ಬರುವುದನ್ನು ನೋಡುತ್ತ ಕೂಡುತ್ತಿದ್ದ. ಶ್ರಾವಣದಲ್ಲಿ ಮರಿಗಳು ಕಂಡವು. "ಬಾಳೇ ಹೂಡ್ಯಾವ ನೋಡ" ಎಂದಿದ್ದ.

ಬಂದ ದಿನ ಊಟಕ್ಕೆ ಕೂತು ತಮ್ಮ, "ನಾಳೆ ಬಾವಿ ಕೆಲಸ ಸುರು" ಎಂದ.

"ಹೋಗು, ಹೋಗು. ನಮ್ಮವೂ ಅಲ್ಲೇ ಅದಾವ. ಕಂಡರ ಮಾತಾಡ್ಸು."

ತಮ್ಮನ ಕೈಯಲ್ಲಿ ರೊಟ್ಟಿಯ ತುಂಡು ನಿಂತಿತು. ಅಪ್ಪ ಕೊಡ, ಟಂಟಂ, ಮೆಟ್ಟಿಲು, ಮರಿ ಎಲ್ಲವನ್ನೂ ಖುಷಿಯಿಂದ ಹೇಳಿದ. ತಮ್ಮ ಪೂರ್ತಿ ಕೇಳಿದ. "ಛಲೋ ಮಾಡಿದಿ ಅಪ್ಪಾ" ಎಂದು, ನನ್ನ ಕಡೆ ನೋಡದೆ ಇನ್ನಷ್ಟು ಶೇಂಗಾ ಚಟ್ನಿ ಕೇಳಿದ.

ಹಿತ್ತಲಲ್ಲಿ ಕೈ ತೊಳೆಯಲು ಬಂದಾಗ ಅವನನ್ನು ನಿಲ್ಲಿಸಿ, ಏನಾಯಿತೆಂದು ಕೇಳಿದೆ.

"ಹೊರಗಿನ ಮೀನ ಬಂದಿಲ್ಲ ಅನ್ನೂದ ಆ ಬಾವಿದು ದೊಡ್ಡ ಮಾತಾಗಿತ್ತ ಅಕ್ಕಾ. ಈಗ ಮೂರೂರಿನವು ಬಂದು ಬೆರತಾವ. ಮರೀನೂ ಆಗ್ಯಾವ ಅಂತಾನ ಅಪ್ಪ."

"ಲ್ಯಾಬಿನ್ಯಾಗ ಗೊತ್ತಾಗೂದಿಲ್ಲೇನ?"

"ಬೆರತಾವ ಅಂತ ಗೊತ್ತಾಗತೈತಿ. ಮೊದಲ ಹೆಂಗಿದ್ದವು ಅನ್ನಾಕ ಎರಡ ಶೀಶೆ ಸಾಲೂದಿಲ್ಲ. ಗೊತ್ತಾದರೂ, ಬಿಡಿಸಿ ಇಡಾಕ ಬರತೈತೇನ?" ಒರೆಸಿಕೊಂಡ ಕೈಯನ್ನೇ ಮತ್ತೆ ಒರೆಸಿಕೊಂಡ. "ನಾನೂ ಎಲ್ಲಿ ಬಿಟ್ರಿ ಅಂತ ಕೇಳಲಿಲ್ಲ. ಅಪ್ಪಗ ಹೇಳಬ್ಯಾಡ."

ಹೇಳಲಿಲ್ಲ. ತಮ್ಮನು ಬಾವಿಯನ್ನು ಕೈಬಿಟ್ಟು ಮಿಕ್ಕ ಮೂರು ಊರಿನದನ್ನೇ ಬರೆದ. ಖಾಲಿ ಶೀಶೆಗಳನ್ನು ತೆಗೆದಿಡಲು ಅವನಿಗೆ ಮನಸ್ಸಾಗಲಿಲ್ಲ, ನಾನೂ ಅವುಗಳ ಧೂಳು ಒರೆಸಿ ಅಲ್ಲೇ ಇಡುತ್ತಿದ್ದೆ.

ದೀಪಾವಳಿ ಮುಗಿದ ವಾರ, ನಾನು ಜೋಳ ಹಸನು ಮಾಡುತ್ತಿದ್ದಾಗ, ಅಪ್ಪ ಗೂಡಿನ ಮುಂದೆ ನಿಂತು ಒಂದು ಶೀಶೆ ತೆಗೆದು ಬೆಳಕಿಗೆ ಹಿಡಿದ.

"ಬಾವೀದು ಯಾಕ ಖಾಲಿ ಅದಾವ?"

"ಸ್ಪಿರಿಟ್ ತೀರೈತಂತಪ್ಪಾ."

"ಉಳದೂರಿನವಕ್ಕ ಐತಲ್ಲ."

ನಾನು ಮೊರ ಕೇರಿದೆ. ಶೀಶೆಯನ್ನು ಕೈಯಲ್ಲೇ ಹೊರಳಿಸುತ್ತ ಅಪ್ಪ ಕೇಳಿದ, "ಹೊರಗಿನ ಒಂದ ಮೀನ ಒಳಗ ಬಂದಿಲ್ಲ ಅಂತಿದ್ದ, ಅಲ್ಲ?"

ಮರೆತಿದ್ದ ಮೊದಲ ಅರ್ಧ ಈಗ ಬಂದಿತ್ತು. ಮೊರದಲ್ಲಿ ಹರಳಿರಲಿಲ್ಲ, ಆದರೂ ಆರಿಸುತ್ತಲೇ ಇದ್ದೆ. ಅಪ್ಪ ಶೀಶೆಯನ್ನು ಚೀಟಿ ಗೋಡೆಯ ಕಡೆಗೆ ಬರುವ ಹಾಗೆ ತಿರುಗಿಸಿ ಇಟ್ಟ.

ಆ ಐತವಾರ ಬಾವಿಗೆ ಹೊರಡಲಿಲ್ಲ. ಮುಂದಿನ ವಾರವೂ ಇಲ್ಲ. ಮೊಣಕಾಲು ನೋವೆಂದ. ಡಬ್ಬಿಯಲ್ಲಿ ಚುರುಮುರಿ ಮೆತ್ತಗಾದವು. ತಮ್ಮನೊಡನೆ ಮಾತ್ರ ಎಂದಿನಂತೆಯೇ ಮಾತಾಡುತ್ತಿದ್ದ, ಒಂದೆರಡು ಸಲ "ಹೆಂಗ ಅದಾವ ಬಾವಿ ಮೀನ?" ಎಂದೂ ಕೇಳಿದ. "ಆರಾಮ ಅದಾವ" ಎಂದು ತಮ್ಮ ಹೇಳಿದರೆ ತಲೆಯಾಡಿಸುತ್ತಿದ್ದ. ಸಂಕ್ರಾಂತಿಗೆ ನಾಲ್ಕು ದಿನ ಇರುವಾಗ ನಿದ್ದೆಯಲ್ಲೇ ಹೋದ.

ಮೊನ್ನೆ ಆ ಗೂಡು ಖಾಲಿ ಮಾಡುವಾಗ, ಅಪ್ಪ ತಿರುಗಿಸಿಟ್ಟಿದ್ದ ಶೀಶೆಯನ್ನು ತಮ್ಮ ಎತ್ತಿಕೊಂಡು, "ಅಪ್ಪಗ ಕಡೀತನಕ ಗೊತ್ತಾಗಲಿಲ್ಲ, ಅದೊಂದ ಸಮಾಧಾನ ಅಕ್ಕಾ" ಎಂದ.

"ಹೌದು" ಎಂದೆ, ಶೀಶೆ ಇಸಿದುಕೊಂಡು ಒರೆಸಿದೆ.