ಕಪ್ಪೆರಾಯನಿಲ್ಲದ ಹಾಡು

ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ ಆಕೆ ಇಪ್ಪತ್ತೊಂಬತ್ತು ವರ್ಷ ಗಾಜು ಉಜ್ಜಿದಳು. ದುಂಡಗೆ ಬಂದ ಗಾಜನ್ನು ತಿರುಗುವ ಕಲ್ಲಿಗೆ ಹಿಡಿದು ಫ್ರೇಮಿಗೆ ಕೂರುವಂತೆ ಅಂಚು ಸವೆಸುವುದು ಆಕೆಯ ಕೆಲಸ. ಕಲ್ಲಿನ ಮೇಲೆ ಸದಾ ನೀರು ತೊಟ್ಟಿಕ್ಕುತ್ತಿರಬೇಕು. ಸಂಜೆಯ ಹೊತ್ತಿಗೆ ಬೆರಳ ತುದಿಗಳು ನೆನೆದು ಬಿಳಿಚಿರುತ್ತಿದ್ದವು, ಉಗುರಿನ ಸಂದಿಯಲ್ಲಿ ಗಾಜಿನ ಹಿಟ್ಟು. ಕಲ್ಲಿನ ಸದ್ದಿನಲ್ಲಿ ಮಾತಾಡಿ ಪ್ರಯೋಜನವಿಲ್ಲವೆಂದು ಆಕೆಗೆ ಮೊದಲ ವಾರವೇ ತಿಳಿದುಹೋಗಿತ್ತು. ಮಾತಿಲ್ಲದಿರುವುದು ಕ್ರಮೇಣ ಅಂಗಡಿಯ ಹೊರಗೂ ಅಭ್ಯಾಸವಾಯಿತು. ಮದುವೆಯ ಮಾತು ಎರಡು ಸಲ ಬಂದು ಎರಡು ಸಲವೂ ಬಾಗಿಲಿನಿಂದಲೇ ಹಿಂದಕ್ಕೆ ಹೋಯಿತು. ಅದಕ್ಕಾಗಿ ಆಕೆ ಕಣ್ಣೊರೆಸಿಕೊಂಡದ್ದನ್ನು ಕಂಡವರಿಲ್ಲ.

ತಿಂಗಳ ಮೊದಲ ಭಾನುವಾರ ಮಧ್ಯಾಹ್ನ ನಾಲ್ಕಕ್ಕೆ ಆಕೆ ಗಡಿಯಾರ ರಿಪೇರಿಯವರ ಅಂಗಡಿಗೆ ಹೋಗುತ್ತಿದ್ದಳು. ಷಟರ್ ಅರ್ಧ ಎಳೆದು, ಕೆಲಸದ ಮೇಜಿನ ಹಿಂದೆ ಸ್ಟೂಲುಗಳನ್ನು ಹಾಕಿಕೊಂಡು ಆಕೆ, ಗಡಿಯಾರದವರು, ಒಬ್ಬ ಬಸ್ ಕಂಡಕ್ಟರ್, ಒಬ್ಬರು ಮೇಷ್ಟ್ರು ಸೇರಿ ಏಳು ಜನ ಕೂರುತ್ತಿದ್ದರು. ಹದಿನೆಂಟು ವರ್ಷದ ಹಿಂದೆ ತೀರಿಕೊಂಡ ಒಬ್ಬ ರಾಕ್ ಹಾಡುಗಾರನ ಅಭಿಮಾನಿಗಳು ಅವರು. ಜೊತೆಯಾಗಿ ಅವನ ಕ್ಯಾಸೆಟ್ಟು ಕೇಳುವುದು, ಕೇಳಿದ್ದಕ್ಕಿಂತ ಹೆಚ್ಚು ಜಗಳವಾಡುವುದು, ಇದು ಅವರ ಸಂಘ. ಎಲ್ಲರೂ ಆಕೆಯನ್ನು ಅಕ್ಕ ಎನ್ನುತ್ತಿದ್ದರು, ಆಕೆಗಿಂತ ಹನ್ನೆರಡು ವರ್ಷ ಹಿರಿಯರಾದ ಗಡಿಯಾರದವರೂ ಸೇರಿ. ಯಾವ ಕ್ಯಾಸೆಟ್ಟು ಯಾರ ಮನೆಯಲ್ಲಿದೆ ಎಂಬ ಪಟ್ಟಿ ಆಕೆಯ ಬಳಿ ಇರುತ್ತಿತ್ತು. ಆ ಕ್ಯಾಸೆಟ್ಟುಗಳನ್ನು ಫೋನಿಗೆ ಹಾಕಬಾರದು, ಹೊರಗೆ ಹರಡಬಾರದು ಎಂದು ಹಾಡುಗಾರನ ಹೆಂಡತಿಗೆ ಸಂಘ ಮಾತು ಕೊಟ್ಟಿತ್ತು, ಇಷ್ಟು ವರ್ಷ ಉಳಿಸಿಕೊಂಡೂ ಬಂದಿತ್ತು.

ಇದ್ದ ಕ್ಯಾಸೆಟ್ಟುಗಳಲ್ಲೆಲ್ಲ ದೊಡ್ಡದೆಂದರೆ 'ಹಾಲ್ ಕ್ಯಾಸೆಟ್ಟು'. ಹಾಡುಗಾರ ಹೆಸರು ಮಾಡುವ ಮೊದಲು ಒಂದು ಸಣ್ಣ ಸಭಾಂಗಣದಲ್ಲಿ ಹಾಡಿದ ರಾತ್ರಿಯ ಏಕೈಕ ದಾಖಲೆ ಅದು. ಪ್ರೇಕ್ಷಕರಲ್ಲಿ ಯಾರೋ ಒಬ್ಬ ರೆಕಾರ್ಡರನ್ನು ಅಂಗಿಯೊಳಗೆ ಬಚ್ಚಿಟ್ಟು ಮಾಡಿಕೊಂಡದ್ದು. ಅದರಲ್ಲಿ ಒಂದೇ ಒಂದು ಕುಂದು. ಬಚ್ಚಿಟ್ಟವನಿಗೆ ಬಾಯಿ ಮುಚ್ಚಿ ಕೂರಲು ಆಗಿರಲಿಲ್ಲ. ಎರಡನೇ ಹಾಡಿನಿಂದಾಚೆ ಒಂದೊಂದಕ್ಕೂ ಜೊತೆಗೆ ಹಾಡಿದ್ದ. ಶ್ರುತಿಗೂ ಅವನಿಗೂ ಏಳು ಜನ್ಮದ ಹಗೆ. ರೆಕಾರ್ಡರ್ ಅವನ ಎದೆಯ ಮೇಲೇ ಇದ್ದುದರಿಂದ, ಎಷ್ಟೋ ಕಡೆ ಹಾಡುಗಾರನಿಗಿಂತ ಅವನೇ ಜೋರಾಗಿ ಕೇಳುತ್ತಿದ್ದ. ಸಂಘದವರು ಅವನಿಗೆ ಕಪ್ಪೆರಾಯ ಎಂದು ಹೆಸರಿಟ್ಟಿದ್ದರು.

"ಬಂದ್ರು, ಸಾಹೇಬ್ರು ಬಂದ್ರು," ಎನ್ನುತ್ತಿದ್ದ ಬಸ್ ಕಂಡಕ್ಟರ್, ಎರಡನೇ ಹಾಡು ಶುರುವಾಗುತ್ತಿದ್ದಂತೆ.

"ಮಳೆ ಗ್ಯಾರಂಟಿ ಇವತ್ತು," ಎನ್ನುತ್ತಿದ್ದರು ಮೇಷ್ಟ್ರು.

ಕಪ್ಪೆರಾಯ ಆಕೆಯ ತಮ್ಮ. ಇದು ಆಕೆಯೊಬ್ಬಳಿಗೆ ಬಿಟ್ಟು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಆ ಸಭಾಂಗಣದ ರಾತ್ರಿ ಅವನಿಗೆ ಹದಿನೇಳು ವರ್ಷ. ಎರಡು ವರ್ಷದ ಮೇಲೆ ಕಾಮಾಲೆ ಹೆಚ್ಚಾಗಿ ತೀರಿಕೊಂಡ. ಅವನ ರೆಕಾರ್ಡರನ್ನು ಅಮ್ಮ ಯಾರಿಗೋ ಕೊಟ್ಟಳು. ಕ್ಯಾಸೆಟ್ಟನ್ನು ಮಾತ್ರ ಆಕೆ ಕೊಡಗೊಡಲಿಲ್ಲ. ಪಕ್ಕದ ಮನೆಯಿಂದ ಟೇಪ್ ರೆಕಾರ್ಡರ್ ತಂದು ಒಂದೇ ಸಲ ಹಾಕಿದ್ದು. ಅಮ್ಮ ಎದ್ದು ಅಡುಗೆಮನೆಗೆ ಹೋಗಿ ಒಲೆ ಆರಿಸಿ ಗೋಡೆಗೆ ಮುಖ ಮಾಡಿ ನಿಂತಳು. ಆ ಹೊತ್ತು ಮನೆಯಲ್ಲಿ ಊಟವಾಗಲಿಲ್ಲ. ಆಮೇಲೆ ಆ ಮನೆಯಲ್ಲಿ ಅವನ ಹೆಸರನ್ನು ಯಾರೂ ಎತ್ತಲಿಲ್ಲ. ಇಂಥದ್ದೊಂದು ಸಂಘವಿದೆ ಎಂದು ಕನ್ನಡಕ ಮಾಡಿಸಲು ಬಂದಿದ್ದ ಗಡಿಯಾರದವರಿಂದ ತಿಳಿದಾಗ ಆಕೆ ಕ್ಯಾಸೆಟ್ಟನ್ನು ಅಲ್ಲಿಗೆ ಒಯ್ದಳು. ಮನೆಯಲ್ಲಿ ಕೇಳಲಾಗದ್ದನ್ನು ಅಲ್ಲಿಯಾದರೂ ಕೇಳಬಹುದೆಂಬುದು ಆಕೆಯ ಲೆಕ್ಕ.

ಯಾರು ರೆಕಾರ್ಡ್ ಮಾಡಿದ್ದು ಎಂದು ಗಡಿಯಾರದವರು ಕೇಳಿದಾಗ "ಗೊತ್ತಿರೋರು" ಎಂದಳು. ಕ್ಯಾಸೆಟ್ಟು ಓಡಿತು. ತಮ್ಮನ ದನಿ ಬಂದ ಕೂಡಲೇ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗು ನಿಂತ ಮೇಲೆ ಹೇಳೋಣವೆಂದುಕೊಂಡಳು. ನಿಲ್ಲುವುದರೊಳಗೆ ಕಪ್ಪೆರಾಯ ಎಂಬ ಹೆಸರು ಹುಟ್ಟಿಬಿಟ್ಟಿತ್ತು, ಆಕೆಯೂ ನಕ್ಕುಬಿಟ್ಟಿದ್ದಳು. ಒಂದು ಸಲ ನಕ್ಕ ಮೇಲೆ ಹೇಳುವುದು ಕಷ್ಟ. ಮುಂದಿನ ತಿಂಗಳು ಇನ್ನೂ ಕಷ್ಟ. ಹೀಗೆ ಇಪ್ಪತ್ತು ವರ್ಷ ಕಳೆದವು. ಆಕೆಗೆ ಅದರಿಂದ ನೋವಾಗುತ್ತಿತ್ತೆಂದು ತಿಳಿದರೆ ತಪ್ಪು. ಅಮ್ಮ ಹೋದ ಮೇಲೆ ಅವನ ಮಾತೆತ್ತುವವರು ಲೋಕದಲ್ಲಿ ಆ ಆರು ಜನ ಬಿಟ್ಟರೆ ಇನ್ನಾರೂ ಉಳಿದಿರಲಿಲ್ಲ. ಗೇಲಿಯೇ ಇರಲಿ, ತಿಂಗಳಿಗೊಮ್ಮೆ ಅವರು ಅವನ ಹಾದಿ ಕಾಯುತ್ತಿದ್ದರು. ಅವನು ಬಾರದ ಹಾಡು ಅವರಿಗೂ ಸಪ್ಪೆ.

ಖಾಲಿ ಕ್ಯಾಸೆಟ್ಟುಗಳು ಪೇಟೆಯಲ್ಲಿ ಸಿಗದೇ ಹೋದಾಗ ಸಂಘ ಒಂದು ನಿಯಮ ಮಾಡಿಕೊಂಡಿತು. ಯಾವುದೇ ಹಾಡಿನ ಹೆಚ್ಚು ಶುದ್ಧವಾದ ಪ್ರತಿ ಬಂದರೆ ಹಳೆಯದರ ಮೇಲೇ ಅದನ್ನು ತುಂಬಬೇಕು, ಸದಸ್ಯರೆಲ್ಲ ತಮ್ಮ ಪ್ರತಿಗಳನ್ನೂ ತಂದು ಬದಲಿಸಿಕೊಳ್ಳಬೇಕು, ಕೆಟ್ಟ ಪ್ರತಿ ಒಂದೂ ಉಳಿಯಬಾರದು. ನಿಯಮ ಸೂಚಿಸಿದವಳು ಆಕೆಯೇ. ಕೆಲಸ ಅಚ್ಚುಕಟ್ಟಾಗಿರಬೇಕೆನ್ನುವ ಹೆಂಗಸು, ಹತ್ತು ಬಗೆಯ ಪ್ರತಿಗಳ ಗೊಂದಲ ಆಕೆಗೆ ಸೇರುತ್ತಿರಲಿಲ್ಲ. ಹಾಲ್ ಕ್ಯಾಸೆಟ್ಟಿನ ಬಗ್ಗೆ ಆಕೆಗೆ ಚಿಂತೆಯಿರಲಿಲ್ಲ. ಆ ರಾತ್ರಿ ಬೇರೆ ಯಾರೂ ರೆಕಾರ್ಡರ್ ತಂದಿರಲಿಲ್ಲ, ಅದಕ್ಕಿಂತ ಶುದ್ಧವಾದದ್ದು ಬರುವುದಾದರೂ ಎಲ್ಲಿಂದ?

ಬಂದದ್ದು ಸಿನಿಮಾದಿಂದ. ಹಾಡುಗಾರನ ಬದುಕಿನಿಂದ ಪ್ರೇರಣೆ ಪಡೆದು ಒಬ್ಬ ಯುವ ನಿರ್ದೇಶಕಿ ಕೈಯಿಂದಲೇ ಹಣ ಹಾಕಿ ಒಂದು ಸಣ್ಣ ಚಿತ್ರ ಮಾಡುತ್ತಿದ್ದಳು. ಹಾಡುಗಾರನ ಹೆಂಡತಿಯ ಒಪ್ಪಿಗೆ ಪತ್ರ ತಂದಳು. ಸಂಘ ಹಾಲ್ ಕ್ಯಾಸೆಟ್ಟಿನ ಮೂಲವನ್ನೇ ಆರು ತಿಂಗಳಿಗೆ ಕೊಟ್ಟಿತು. ಉಳಿದ ಆರು ಜನರ ಬಳಿ ಅದರ ಪ್ರತಿಗಳಿದ್ದವು, ಆಕೆಯ ಬಳಿ ಇದ್ದದ್ದು ಆ ಮೂಲವೊಂದೇ. ಪಟ್ಟಿಯಲ್ಲಿ ಬರೆದು ಸಹಿ ಹಾಕಿಸಿಕೊಂಡು ಕೊಟ್ಟವಳು ಆಕೆ. ತಮ್ಮನ ದನಿ ಸಿನಿಮಾದಲ್ಲಿ ಬರುತ್ತದೆ, ಕಂಡರಿಯದ ಜನ ಕತ್ತಲಲ್ಲಿ ಕೂತು ಅವನನ್ನು ಕೇಳಿ ನಗುತ್ತಾರೆ ಎಂಬ ಯೋಚನೆಯಿಂದ ಆಕೆ ಆ ಆರು ತಿಂಗಳು ಎಂದಿಗಿಂತ ಹಗುರಾಗಿದ್ದಳು. ಅಂಗಡಿಯ ಮಾಲೀಕ, "ಏನಕ್ಕ, ಲಾಟರಿ ಹೊಡೀತಾ?" ಎಂದು ಕೂಡ ಕೇಳಿದ್ದ.

ಚಿತ್ರ ಬಿಡುಗಡೆಯಾಗುವ ಹಿಂದಿನ ಎರಡು ವಾರ ಆಕೆ ಜ್ವರದಲ್ಲಿ ಮಲಗಿದ್ದಳು. ತಿಂಗಳ ಸಭೆ ತಪ್ಪಿತು. ಭಾನುವಾರದ ಬೆಳಗಿನ ಆಟಕ್ಕೆ ಎದ್ದು ಬಂದು ಸಂಘದವರ ಜೊತೆ ಸಾಲಾಗಿ ಕೂತಳು. ಸಭಾಂಗಣದ ದೃಶ್ಯ ಬಂತು. ನಟ ತುಟಿ ಆಡಿಸಿದ, ದನಿ ಹಾಡುಗಾರನದೇ, ಆ ರಾತ್ರಿಯದೇ. ಎರಡನೇ ಹಾಡು ಶುರುವಾಯಿತು. ಆಕೆ ಕೈಚೀಲವನ್ನು ಮಡಿಲಲ್ಲಿ ಹಿಡಿದುಕೊಂಡು ಕಾದಳು. ಹಾಡು ಮುಗಿಯಿತು. ಅವನು ಬರಲಿಲ್ಲ.

ಆಟ ಮುಗಿದ ಮೇಲೆ ಎಲ್ಲರೂ ಗಡಿಯಾರದಂಗಡಿಗೆ ಬಂದು ಚಹಾ ತರಿಸಿದರು.

"ಬೈತಲೆ ಎಡಕ್ಕೆ ತೆಗ್ದಿದಾರಲ್ರೀ," ಎಂದರು ಮೇಷ್ಟ್ರು. "ಅವರು ಜನ್ಮದಲ್ಲಿ ಎಡಕ್ಕೆ ಬಾಚಿದೋರಲ್ಲ."

"ಮೇಷ್ಟ್ರೇ, ನಿಮ್ಮ ತಲೇಲಿ ಬೈತಲೆ ತೆಗೆಯೋಕೆ ನಾಲ್ಕು ಕೂದ್ಲು ಉಳ್ಕೊಂಡ ದಿನ ಮಾತಾಡಿ," ಎಂದ ಕಂಡಕ್ಟರ್.

"ಬಾಚೋಕೆ ಕೂದ್ಲು ಬೇಕು ಕಣಯ್ಯ, ನೋಡೋಕೆ ಕಣ್ಣು ಸಾಕು."

"ಅವರ ಕಥೆ ಅಂತ ಎಲ್ಲಿ ಹೇಳಿದಾರೆ? ಪ್ರೇರಣೆ ಅಂತ ಹಾಕಿದಾರೆ. ಪ್ರೇರಣೆ ಎತ್ಲಾಗಾದ್ರೂ ಬಾಚ್ಕೊಳ್ಳುತ್ತೆ."

"ಪ್ರೇರಣೆ ಅಂದ್ರೆ ತಪ್ಪಾದ್ರೆ ಕೇಳ್ಬೇಡಿ ಅಂತ ಅರ್ಥ. ಆ ಕೊನೇ ಆಸ್ಪತ್ರೆ ಸೀನು ನೋಡಿದ್ರಾ? ಅವರು ಯಾವತ್ತು ಹಂಗೆ ಕಣ್ಣೀರು ಹಾಕಿದ್ರು?"

"ನೀವು ಪಕ್ಕದ ಮಂಚದಲ್ಲಿ ಮಲಗಿದ್ರಾ?"

"ಸಾಕು ಸುಮ್ನಿರಿ ಇಬ್ರೂ," ಎಂದರು ಗಡಿಯಾರದವರು. "ಹಾಲ್ ಸೀನ್ ಹೇಳಿ. ಅದೊಂದಕ್ಕೇ ಆ ಹುಡುಗಿಗೆ ಕೈ ಮುಗೀಬೇಕು. ಅವರ ದನಿ ಅಷ್ಟು ನಿಚ್ಚಳವಾಗಿ ನಾನು ಯಾವತ್ತೂ ಕೇಳಿರ್ಲಿಲ್ಲ."

"ಕಪ್ಪೆರಾಯ ಎಲ್ಲಿ ಹೋದ ಅಂತ?" ಎಂದರು ಮೇಷ್ಟ್ರು.

"ಕೆರೆಗೆ ವಾಪಸ್ ಕಳಿಸಿದ್ರು," ಎಂದ ಕಂಡಕ್ಟರ್. ಎಲ್ಲರೂ ನಕ್ಕರು.

ಗಡಿಯಾರದವರು ಮೇಜಿನ ಖಾನೆ ಎಳೆದು ಹಾಲ್ ಕ್ಯಾಸೆಟ್ಟನ್ನು ತೆಗೆದು ಆಕೆಯ ಮುಂದಿಟ್ಟರು. ಮುಖದಲ್ಲಿ ಸಂತೋಷ ತುಂಬಿತ್ತು. "ಅಕ್ಕ, ನಿಮಗೆ ಹೇಳದೇ ಇಟ್ಟಿದ್ದೆ. ಆ ಹುಡುಗಿ ಕ್ಯಾಸೆಟ್ಟು ವಾಪಸ್ ಕೊಡೋವಾಗ ಪೂರ್ತಿ ಕಾರ್ಯಕ್ರಮ ಶುದ್ಧ ಮಾಡಿ ಕೊಟ್ಲು. ಹೋದ ವಾರ ಎಲ್ಲಾರೂ ತಂದು ಕೊಟ್ರು, ಏಳೂ ಪ್ರತಿಗೆ ತುಂಬಿಬಿಟ್ಟೆ. ನೀವು ಜ್ವರ ಬಿಟ್ಟು ಏಳೋ ಹೊತ್ತಿಗೆ ಆಗ್ಲಿ ಅಂತ."

ಆಕೆ ಕ್ಯಾಸೆಟ್ಟಿನ ಕಡೆ ನೋಡಿದಳು. "ಯಾವುದರ ಮೇಲೆ ತುಂಬಿದ್ರಿ?"

"ಹಳೇದರ ಮೇಲೇ. ನಿಮ್ಮದೇ ನಿಯಮ ಅಲ್ವಾ?"

"ಮೂಲದ ಮೇಲೂ?"

"ಅದೇ ಮೊದ್ಲು."

"ಯಾರ ಮನೇಲಾದ್ರೂ ಒಂದು ಹಳೇದು ಉಳ್ದಿದೆಯಾ?"

ಆ ಪ್ರಶ್ನೆಯನ್ನು ಕೇಳಿದ ದನಿಗೆ ಕಂಡಕ್ಟರ್ ಚಹಾದ ಲೋಟ ಕೆಳಗಿಟ್ಟ. ಯಾರ ಬಳಿಯೂ ಉಳಿದಿರಲಿಲ್ಲ. ಸಂಘದಲ್ಲಿ ನಿಯಮ ಮೀರುವವರು ಇರಲಿಲ್ಲ. ಆಕೆ ಮೀರಗೊಟ್ಟಿರಲಿಲ್ಲ.

"ಯಾಕಕ್ಕ? ಕಪ್ಪೆರಾಯ ಹೋದ ಅಂತ ಬೇಜಾರಾ?" ಎಂದರು ಮೇಷ್ಟ್ರು, ಇನ್ನೂ ನಗುತ್ತಲೇ.

"ಅವನು ನನ್ನ ತಮ್ಮ," ಎಂದಳು ಆಕೆ.

ಮೇಷ್ಟ್ರು "ಯಾರು?" ಎಂದು ಕೇಳಿದರು. ಆಕೆ ಹೇಳಿದಳು: ಹದಿನೇಳು ವರ್ಷದ ಹುಡುಗ, ಅಪ್ಪನ ದೊಗಳೆ ಅಂಗಿ ಹಾಕಿಕೊಂಡು ಹೋಗಿದ್ದ, ಒಳಗೆ ರೆಕಾರ್ಡರ್ ಇದೆಯೆಂದು ಗೊತ್ತಾಗಬಾರದೆಂದು. ಹಾಡಬೇಡ ಅಂತ ನಾನೇ ಹೇಳಿ ಕಳಿಸಿದ್ದೆ. ಹತ್ತೊಂಬತ್ತಕ್ಕೆ ಹೋದ. ಫೋಟೋ ಎರಡಿವೆ. ದನಿ ಇದ್ದದ್ದು ಇದರಲ್ಲಿ ಮಾತ್ರ. ಸರಕಿನ ಪಟ್ಟಿ ಓದುವವಳ ಹಾಗೆ ಒಂದಾದ ಮೇಲೊಂದು ಹೇಳಿ ನಿಲ್ಲಿಸಿದಳು.

"ಇಪ್ಪತ್ತು ವರ್ಷ ಒಂದು ಮಾತು ಹೇಳಲಿಲ್ವಲ್ಲ, ತಾಯಿ," ಎಂದರು ಗಡಿಯಾರದವರು.

"ಹೇಳಿದ್ರೆ ನೀವು ನಗ್ತಿರ್ಲಿಲ್ಲ," ಎಂದಳು ಆಕೆ.

ಗಡಿಯಾರದವರು ನಿರ್ದೇಶಕಿಗೆ ಫೋನ್ ಮಾಡಿ ಸ್ಪೀಕರಿಗೆ ಹಾಕಿದರು. ಜೊತೆಗೆ ಹಾಡಿದವನ ದನಿ ಇರುವ ಹಳೆಯ ಪ್ರತಿ ಅವಳ ಬಳಿ ಉಳಿದಿದೆಯೇ ಎಂದು ಕೇಳಿದರು.

"ಇಲ್ಲ ಸರ್. ಬಾಡಿಗೆ ಸ್ಟುಡಿಯೋ ಅದು, ಕೆಲಸ ಮುಗಿದ ದಿನವೇ ಎಲ್ಲ ಅಳಿಸ್ತಾರೆ. ಹೆಂಗೂ ಮೂಲ ನಿಮ್ಮ ಹತ್ರ ಭದ್ರವಾಗಿದೆಯಲ್ಲ ಅಂತ ನಾನೂ ಇಟ್ಕೊಳ್ಳಲಿಲ್ಲ." ಮತ್ತೆ ಅವಳೇ, "ಯಾಕೆ ಸರ್, ಸರಿ ಬಂದಿಲ್ವಾ? ಎರಡನೇ ಹಾಡಲ್ಲಿ ಒಂದೆರಡು ಕಡೆ ಅವರ ದನಿ ತೆಳುವಾಗಿದೆ, ನಂಗೊತ್ತು. ಆ ಮನುಷ್ಯ ಅಲ್ಲೆಲ್ಲ ಅವರ ದನಿಗೇ ಅಂಟ್ಕೊಂಡಿದ್ದ. ಅವನನ್ನ ಕೀಳೋವಾಗ ಇವರದ್ದೂ ಸ್ವಲ್ಪ ಕಿತ್ಕೊಂಡು ಬಂತು. ಏನೂ ಮಾಡೋಕಾಗ್ಲಿಲ್ಲ."

ಫೋನ್ ಇಟ್ಟ ಮೇಲೆ ಗಡಿಯಾರದವರು ಕ್ಯಾಸೆಟ್ಟು ಹಾಕಿ ಆ ಜಾಗ ಹುಡುಕಿದರು. ಹಳೆಯ ಟೇಪಿನ ಗೊರಗೊರದಲ್ಲಿ ಏನೂ ಗೊತ್ತಾಗಲಿಲ್ಲ. ಕಂಡಕ್ಟರ್ ಆಕೆಯ ಮುಖ ನೋಡಲಾರದೆ ಲೋಟಗಳನ್ನು ಒಂದರೊಳಗೊಂದು ಇಟ್ಟು ಚಹಾದಂಗಡಿಗೆ ಕೊಡಲು ಎದ್ದು ಹೋದ, ಮರಳಿ ಬರಲಿಲ್ಲ. ನಿಯಮವನ್ನು ರದ್ದು ಮಾಡೋಣವೆಂದು ಮೇಷ್ಟ್ರು ಮೆಲ್ಲಗೆ ಸೂಚಿಸಿದರು. ಇನ್ನು ರದ್ದು ಮಾಡುವ ಅಗತ್ಯವಿಲ್ಲ ಎಂದಳು ಆಕೆ.

ಮರುದಿನ ಮಾಲೀಕನ ಹತ್ತಿರ ಅರ್ಧ ದಿನದ ರಜೆ ಕೇಳಿದಳು. ತಾನಾಗಿ ಕೇಳಿದ್ದು ಅದೇ ಮೊದಲು. ಅವನು ಕಾರಣ ಕೇಳಲೂ ಮರೆತು ತಲೆಯಾಡಿಸಿದ. ಮಧ್ಯಾಹ್ನದ ಆಟಕ್ಕೆ ಹನ್ನೊಂದು ಜನರಿದ್ದರು. ಆಕೆ ದೊಡ್ಡ ಸ್ಪೀಕರಿನ ಪಕ್ಕದ ಕುರ್ಚಿ ಹಿಡಿದಳು. ಎರಡನೇ ಹಾಡಿನ ನಡುವೆ, ದನಿ ಮೇಲಕ್ಕೇರುವ ಕಡೆ, ಹಾಡುಗಾರನ ದನಿ ಅರೆಗಳಿಗೆ ಬಡವಾಯಿತು. ಬಟ್ಟೆಯ ಮೇಲಿನ ಕಲೆ ಉಜ್ಜಿ ಉಜ್ಜಿ ತೆಗೆದಾಗ ಆ ಜಾಗದಲ್ಲಿ ನೂಲು ಸಣ್ಣದಾಗುತ್ತದಲ್ಲ, ಹಾಗೆ. ಕೇಳಬೇಕೆಂದು ಹೋದವರಿಗೆ ಮಾತ್ರ ಕೇಳುವಂಥದ್ದು. ತಮ್ಮನಿಗೆ ಅಲ್ಲಿ ಯಾವಾಗಲೂ ಉಸಿರು ಸಾಲುತ್ತಿರಲಿಲ್ಲ, ಆದರೂ ಬಿಡುತ್ತಿರಲಿಲ್ಲ. ಮುಂದಿನ ಸಾಲಿನಲ್ಲಿ ಇನ್ನೊಮ್ಮೆ ತೆಳುವಾಯಿತು. ಆಮೇಲೆ ಹಾಡುಗಾರನ ದನಿ ತುಂಬಿಕೊಂಡು ಕೊನೆಯವರೆಗೂ ಹಾಗೇ ಹೋಯಿತು.

ಚಿತ್ರ ಗುರುವಾರದವರೆಗೆ ಓಡಿತು. ಮಂಗಳವಾರ, ಬುಧವಾರ, ಗುರುವಾರ ಆಕೆ ಅದೇ ಆಟಕ್ಕೆ ಹೋದಳು. ಎರಡನೇ ಹಾಡು ಮುಗಿದ ಮೇಲೆ ಎದ್ದು ಬಂದುಬಿಡುತ್ತಿದ್ದಳು. ನಾಲ್ಕನೇ ದಿನ ಟಿಕೆಟ್ ಹರಿಯುವವನು, "ಅಷ್ಟು ಚೆನ್ನಾಗಿದೆಯಾ ಅಮ್ಮಾ? ನಮಗಂತೂ ನಿದ್ದೆ ಬರುತ್ತೆ," ಎಂದ.

"ಚೆನ್ನಾಗೇನಿಲ್ಲ," ಎಂದು ಒಳಗೆ ಹೋದಳು.

ಶುಕ್ರವಾರ ಅಲ್ಲಿ ಬೇರೆ ಚಿತ್ರ ಬಂತು. ಆಕೆ ಸಂಜೆಯವರೆಗೂ ಅಂಗಡಿಯಲ್ಲೇ ಇದ್ದಳು.