ಮಾವನಿಗೆ ಕೊಟ್ಟ ನೆಗಡಿ ಮಾತ್ರೆ

ಮಾವ, ಆ ಮಾತ್ರೆಯನ್ನು ನಿಮಗೆ ಬೇಕೆಂದೇ ಕೊಟ್ಟೆ. ನೆಗಡಿ ವಾಸಿಯಾಗಲಿ ಎಂದಲ್ಲ — ನೀವು ನಿದ್ದೆಹೋಗಲಿ, ನಡುಮನೆಯಲ್ಲಿ ನಿಮ್ಮ ಓಡಾಟ ನಿಲ್ಲಲಿ ಎಂದು.

ಅತ್ತೆ ತೀರಿಕೊಂಡು ನೀವು ಭದ್ರಾವತಿಯಿಂದ ನಮ್ಮ ಶಿವಮೊಗ್ಗದ ಮನೆಗೆ ಬಂದಾಗಿನಿಂದ ನಿಮ್ಮನ್ನು ಕಂಡರೆ ನನಗೆ ಹೇಸಿಗೆ. ಹೌದು, ಹೇಸಿಗೆಯೇ, ಬೇರೆ ಪದ ಹುಡುಕುವುದಿಲ್ಲ. ಪಂಚೆಯ ಮೇಲಿನ ಒದ್ದೆ, ಬಚ್ಚಲಿನ ವಾಸನೆ, ಎಷ್ಟು ಹೊತ್ತಾದರೂ ತೊಟ್ಟುತೊಟ್ಟಾಗಿ ಬೀಳುವ ಸದ್ದು, ಹೊರಬಂದ ಸ್ವಲ್ಪ ಹೊತ್ತಿಗೇ ಮತ್ತೆ — ನನಗೆ ತುತ್ತು ಇಳಿಯುತ್ತಿರಲಿಲ್ಲ. ಕಾರ್ಖಾನೆಯ ಕುಲುಮೆಯ ಮುಂದೆ ದುಡಿದ ಗಂಡಸಿಗೆ ಇಷ್ಟು ತಡೆದುಕೊಳ್ಳಲು ಆಗುವುದಿಲ್ಲವೇ ಎಂದು ಗೊಣಗುತ್ತಿದ್ದೆ. ನಿಮಗೆ ಕೇಳಿಸಲಿ ಎಂದೇ.

ಡಾಕ್ಟರ ಹತ್ತಿರ ನಾನೇ ಕರೆದೊಯ್ದಿದ್ದೆ. ಸೊಸೆಯ ಎದುರು ಹೇಗೆ ಹೇಳುವುದೆಂದು ನೀವು ನೆಲ ನೋಡುತ್ತಾ ಕುಳಿತಿರಿ. ನಾನು ಹೊರಗೆ ಹೋದೆ. ಆಮೇಲೆ ಅವರು ನನ್ನನ್ನು ಕರೆದು ಬಿಡಿಸಿ ಹೇಳಿದರು — ವಯಸ್ಸಾದಂತೆ ಗಂಡಸರಲ್ಲಿ ಪ್ರಾಸ್ಟೇಟ್ ಗ್ರಂಥಿ ದಪ್ಪವಾಗುತ್ತದೆ, ಮೂತ್ರದ ದಾರಿಯನ್ನು ಒತ್ತುತ್ತದೆ, ಮೂತ್ರಕೋಶ ಪೂರ್ತಿ ಖಾಲಿಯಾಗುವುದಿಲ್ಲ, ಅದಕ್ಕೇ ಮತ್ತೆ ಮತ್ತೆ ಅವಸರ.

"ಅಂಗಡೀಲಿ ಸಿಗೋ ನೆಗಡಿ ಮಾತ್ರೆ ನನ್ನ ಕೇಳ್ದೆ ಕೊಡ್ಬೇಡಿಮ್ಮ. ಮೂತ್ರ ಕಟ್ಕೊಂಡ್ಬಿಡುತ್ತೆ."

ಈ ಮಾತನ್ನು ನಿಮಗೆ ಹೇಳಲಿಲ್ಲ. ಮಾವನ ಎದುರು ಮೂತ್ರದ ಮಾತೆತ್ತುವುದು ಹೇಗೆ ಎಂದು ನಾಚಿಕೆ. ನಿಮ್ಮ ಮಗನಿಗಾದರೂ ಹೇಳಬಹುದಿತ್ತು — ಹೇಳಲಿಲ್ಲ.

ನನ್ನ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವ ದಿನ ನಿಮಗೆ ನೆಗಡಿಯಾಗಿತ್ತು. ನಮ್ಮ ಬಚ್ಚಲಿನ ಬಾಗಿಲು ನಡುಮನೆಗೇ ತೆರೆಯುತ್ತದೆ. ಬಂದವರ ಮುಂದೆ ಒದ್ದೆ ಪಂಚೆ ಹಾದುಹೋಗುವುದನ್ನು ನೆನೆದೇ ಮೈ ಮುದುಡಿತು. ಡಾಕ್ಟರ ಮಾತು ನೆನಪಿತ್ತು. ಇತ್ತು, ಮಾವ.

"ಇದನ್ನ ತಗೊಂಡು ಮಲಗಿಬಿಡಿ ಮಾವ. ಅವ್ರು ಹೋದ್ಮೇಲೆ ಎಬ್ಬಿಸ್ತೀನಿ."

"ಆಯ್ತು ಕಣಮ್ಮ."

ಅವರು ಉಪ್ಪಿಟ್ಟು, ಕೇಸರಿಬಾತು ತಿಂದು, ಹುಡುಗಿ ಒಪ್ಪಿಗೆ ಎಂದು ಹೊರಡುವವರೆಗೂ ನಿಮ್ಮ ಕೋಣೆಯಿಂದ ಸದ್ದಿಲ್ಲ. ಗೆದ್ದೆ ಅಂದುಕೊಂಡೆ. ಬಾಗಿಲು ತೆಗೆದರೆ ನೀವು ನಿದ್ದೆಯಲ್ಲಿರಲಿಲ್ಲ — ಕಿಬ್ಬೊಟ್ಟೆ ಉಬ್ಬಿ ಕಲ್ಲಾಗಿತ್ತು, ಹಲ್ಲಿನಲ್ಲಿ ಟವೆಲ್ ಕಚ್ಚಿಕೊಂಡಿದ್ದಿರಿ. ಮೊಮ್ಮಗಳ ಸಂಬಂಧ ಕೆಡಬಾರದೆಂದು ಒಮ್ಮೆಯೂ ಕೂಗಿರಲಿಲ್ಲ.

ಆಸ್ಪತ್ರೆಯಲ್ಲಿ ನಳಿಕೆ ಹಾಕಿ ಮೂತ್ರ ತೆಗೆದರು. ಏನು ತಗೊಂಡಿರಿ ಎಂದು ನಿಮ್ಮ ಮಗ ಕೇಳಿದಾಗ ನೀವು ನನ್ನ ಕಡೆ ನೋಡಲೂ ಇಲ್ಲ.

"ನಾನೇ ಮೆಡಿಕಲ್ ಶಾಪಲ್ಲಿ ಮಾತ್ರೆ ತಗೊಂಡೆ ಕಣೋ. ಅವ್ಳಿಗೇನೂ ಗೊತ್ತಿಲ್ಲ."

ಬುದ್ಧಿ ಇಲ್ಲವೇ ಎಂದು ನಿಮ್ಮ ಮಗ ನಿಮ್ಮನ್ನು ಬೈದರು. ನಾನು ಪಕ್ಕದಲ್ಲೇ ನಿಂತು ಕೇಳಿದೆ. ಬಾಯಿ ಬಿಡಲಿಲ್ಲ — ಎಂಥ ಹೆಂಗಸು ನಾನು!

ನೀವು ಭದ್ರಾವತಿಗೆ, ನಿಮ್ಮ ಮಗಳ ಮನೆಗೆ ಹೋದಿರಿ. ಆಪರೇಷನ್ ಆಗಿ ಗುಣವಾದ ಮೇಲೂ ನಮ್ಮ ಹೊಸ್ತಿಲು ತುಳಿಯಲಿಲ್ಲ. ಮೊಮ್ಮಗಳ ಮದುವೆಗೂ ಬರಲಿಲ್ಲ. ಕೇಳಿದವರಿಗೆಲ್ಲ, ವಯಸ್ಸಾಯಿತಲ್ಲ, ಓಡಾಡಲಾಗುವುದಿಲ್ಲ ಎಂದು ನಗುತ್ತಾ ಹೇಳಿದೆ.

ನಿನ್ನೆ ನಿಮ್ಮ ಮಗನಿಗೆ ಎಲ್ಲವನ್ನೂ ಹೇಳಿದೆ. ಅವರು ಬಡಿಸಿದ್ದನ್ನು ಮುಟ್ಟದೆ ಎದ್ದುಹೋದರು. ತಟ್ಟೆಯನ್ನು ನನ್ನ ಮುಂದೆ ಎಳೆದುಕೊಂಡು ಕುಳಿತೆ — ನನ್ನ ಕೈ ತಾಗಿದ ಅನ್ನ, ನನಗೂ ತಿನ್ನಲಾಗಲಿಲ್ಲ.